ಕಲ್ಲಿನ ತೇರಿನ ಆಚೆಗೆ: ಗೋಡೆ ಬರೆಯುವವನ ಪಾಠಗಳು

ಹೊಸಪೇಟೆ ಸುತ್ತಿನ ಶಾಲೆ, ಪಂಚಾಯಿತಿ, ಬಸ್ ನಿಲ್ದಾಣಗಳ ಗೋಡೆಗೆ ಚಿತ್ರ ಬರೆದು ಹೊಟ್ಟೆ ಹೊರೆಯುವವನು ನಾನು. ಫ್ಲೆಕ್ಸ್ ಬರುವ ಮೊದಲು ಅಂಗಡಿ ಬೋರ್ಡು, ನಾಟಕದ ಪರದೆ ಬರೆಯುತ್ತಿದ್ದೆ. ಫ್ಲೆಕ್ಸ್ ಬಂದು ಅವೆರಡನ್ನೂ ನುಂಗಿದ ಮೇಲೆ ಉಳಿದದ್ದು ಗೋಡೆ. ಅಕ್ಟೋಬರ್ ಹತ್ತಿರ ಬಂತೆಂದರೆ ಫೋನು ಶುರು: ರಾಜ್ಯೋತ್ಸವಕ್ಕೆ ಗೋಡೆ ಆಗಬೇಕು. ಏನು ಬರೀಲಿ ಎಂದರೆ ಉತ್ತರ ಎಲ್ಲ ಕಡೆ ಒಂದೇ. “ಒಂದ್ ಕಲ್ಲಿನ ತೇರು ಹಾಕ್ರಿ, ಕೃಷ್ಣದೇವರಾಯ ಇರ್ಲಿ, ಮ್ಯಾಲೆ ತಾಯಿ ಭುವನೇಶ್ವರಿ.”

ನಾವು ಯಾರು ಎಂದು ಗೋಡೆಯ ಮೇಲೆ ಬರೆಸುವ ಆಸೆ ನಮಗೊಬ್ಬರಿಗೇ ಹುಟ್ಟಿದ್ದಲ್ಲ. 1910ರಲ್ಲಿ ಶುರುವಾದ ಕ್ರಾಂತಿ ಹತ್ತು ವರ್ಷ ಮೆಕ್ಸಿಕೋವನ್ನು ಅಲ್ಲಾಡಿಸಿದ ಮೇಲೆ, 1921ರಲ್ಲಿ ಅಲ್ಲಿ ಶಿಕ್ಷಣ ಮಂತ್ರಿಯಾದ ಹೊಸೆ ವಾಸ್ಕೊನ್‌ಸೆಲೋಸ್ ಸರ್ಕಾರಿ ಕಟ್ಟಡಗಳ ಗೋಡೆಗಳನ್ನು ಚಿತ್ರಕಾರರಿಗೆ ಬಿಟ್ಟುಕೊಟ್ಟರು. ಓದು ಬಾರದ ಜನರಿಗೆ ದೇಶದ ಕತೆಯನ್ನು ಚಿತ್ರದಲ್ಲಿ ಹೇಳಬೇಕಿತ್ತು. ದಿಯೆಗೊ ರಿವೇರಾ, ಒರೋಸ್ಕೊ, ಸಿಕೈರೋಸ್ ಬೆಳೆದದ್ದು ಆ ಗೋಡೆಗಳ ಮೇಲೆ. ನಮ್ಮಲ್ಲಿ ಬಂದೂಕಿನ ಕ್ರಾಂತಿ ಆಗಲಿಲ್ಲ, ಏಕೀಕರಣ ಆಯಿತು. ಆದರೂ ಹೊಸ ನಾಡಿಗೊಂದು ಮುಖ ಬೇಕೆಂಬ ಹಂಬಲ ಎರಡೂ ಕಡೆ ಒಂದೇ. ಆ ಮುಖಕ್ಕಾಗಿ ಕನ್ನಡಿಗರು ತಿರುಗಿ ನೋಡಿದ್ದು ಹಂಪಿಯತ್ತ. ಹಾಗಾಗಿ ಈ ಭಾಗದಲ್ಲಿ ಗೋಡೆ ಬರೆಯಲು ಹೊರಟ ಹುಡುಗ ಹುಡುಗಿಯರಿಗೆ ನನ್ನ ಅನುಭವದ ಕೆಲವು ಮಾತು.

1. ತೇರು ಬೇಡ ಅನ್ನಬೇಡಿ, ಯಾವ ತೇರು ಅಂತ ಕೇಳಿ

2017ರಲ್ಲಿ ಐವತ್ತು ರೂಪಾಯಿ ನೋಟಿನ ಬೆನ್ನಿಗೆ ಹಂಪಿಯ ತೇರು ಬಂತು. ಅಲ್ಲಿಂದಾಚೆ ಜನ ಜೇಬಿನಿಂದ ನೋಟು ತೆಗೆದು “ಹಿಂಗೇ ಬರ್ಬೇಕು” ಅನ್ನುತ್ತಾರೆ. ಆದರೆ ವಿಠ್ಠಲ ಗುಡಿಯ ಅಂಗಳದ ಆ ತೇರು ಅಸಲಿಗೆ ಗರುಡನ ಗುಡಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಫೋಟೋದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ ಇದೆ. ಈಗ ಇಲ್ಲ. ಮುಂದೆ ನಿಂತ ಆನೆಗಳು ಆಮೇಲೆ ತಂದಿಟ್ಟವು. ಮೊದಲು ಅಲ್ಲಿದ್ದದ್ದು ಕುದುರೆಗಳು, ಅವುಗಳ ಕಾಲಿನ ಗುರುತು ಆನೆಗಳ ಹಿಂದೆ ಹುಡುಕಿದರೆ ಕಾಣುತ್ತದೆ.

ಶಾಲೆಯ ಗೋಡೆಗೆ ನಾನು ಬರೆಯುವುದು ಗೋಪುರವಿದ್ದ, ಕುದುರೆ ಹೂಡಿದ ತೇರು. ಹಿರಿಯರು ಬಂದು ತಪ್ಪು ಬರೆದೆ ಎಂದು ರೇಗುತ್ತಾರೆ, ಮೇಷ್ಟ್ರು ಫೋಟೋ ತೋರಿಸುತ್ತಾರೆ, ಮಕ್ಕಳು ಸುತ್ತ ಸೇರುತ್ತಾರೆ. ಗೋಡೆ ಮುಂದೆ ಜಗಳ ಎದ್ದಿತೆಂದರೆ ಆ ಗೋಡೆಯನ್ನು ಜನ ನೋಡುತ್ತಿದ್ದಾರೆ ಎಂದರ್ಥ. ನೋಟಿನ ತೇರಿನ ಮುಂದೆ ಯಾರೂ ನಿಲ್ಲುವುದಿಲ್ಲ.

2. ರಾಜನ ಮುಖ

ಕೃಷ್ಣದೇವರಾಯ ಎಂದರೆ ಜನರಿಗೆ ಬೇಕಾದದ್ದು 1970ರ ಸಿನಿಮಾದ ರಾಜಕುಮಾರ್ ಮುಖ. ನನಗೇನೂ ತಕರಾರಿಲ್ಲ, ಅದೂ ನಮ್ಮ ಇತಿಹಾಸವೇ. ಆದರೆ ರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪೇಯಿಸ್, ಅವನದು ನಡುವೆತ್ತರ, ಬಿಳಿ ಬಣ್ಣ, ತುಸು ದಪ್ಪನೆಯ ಮೈ, ಮುಖದಲ್ಲಿ ಸಿಡುಬಿನ ಕಲೆ ಎಂದು ಬರೆದಿಟ್ಟಿದ್ದಾನೆ. ಸಿಡುಬಿನ ಕಲೆಯ ರಾಯನನ್ನು ಬರೆಸಿಕೊಳ್ಳುವ ಪಂಚಾಯಿತಿ ನನಗಿನ್ನೂ ಸಿಕ್ಕಿಲ್ಲ. ಸಿಕ್ಕರೆ ಅರ್ಧ ಕೂಲಿಗೆ ಬರೆಯುತ್ತೇನೆ.

3. ಪೇಯಿಸ್ ಕಂಡ ಗೋಡೆ

ನಮ್ಮ ಕಸುಬಿನ ದೊಡ್ಡ ಪಾಠ ಇರುವುದೂ ಇದೇ ಪೇಯಿಸನ ಬರಹದಲ್ಲಿ. 1520ರ ಆಸುಪಾಸಿನಲ್ಲಿ ಅರಮನೆಯ ಒಳಗೆ ಅವನೊಂದು ಚಿತ್ರದ ಗೋಡೆ ಕಂಡ. ವಿಜಯನಗರಕ್ಕೆ ಬಂದುಹೋದ ಪರದೇಶಿಗಳ ಬದುಕಿನ ರೀತಿಗಳೆಲ್ಲ ಅದರಲ್ಲಿದ್ದವಂತೆ. ಅವನದೇ ನಾಡಿನ ಪೋರ್ಚುಗೀಸರೂ ಇದ್ದರು. ಯಾವ ನಾಡಿನವರು ಹೇಗೆ ಬಾಳುತ್ತಾರೆ ಎಂದು ರಾಣಿವಾಸದ ಹೆಂಗಸರು ತಿಳಿಯಲಿ ಎಂದು ಬರೆಸಿದ್ದಂತೆ. ಆ ಸಾಲಿನಲ್ಲಿ ಕುರುಡರನ್ನೂ ಭಿಕ್ಷುಕರನ್ನೂ ಬಿಟ್ಟಿರಲಿಲ್ಲ.

ರಾಯನ ಅರಮನೆಯ ಗೋಡೆಯಲ್ಲಿ ಭಿಕ್ಷುಕನಿದ್ದ. ನಮ್ಮ ಪ್ರಾಥಮಿಕ ಶಾಲೆಯ ಗೋಡೆಯಲ್ಲಿ ರಾಯ ಒಬ್ಬನೇ ಇದ್ದಾನೆ.

ಆ ಗೋಡೆ ಹೋಯಿತು, ಕಲ್ಲು ಉಳಿದಿದೆ. ಹಂಪಿಯ ಮಾನಾಮಿ ದಿಬ್ಬದ ಸುತ್ತ ಒಂದು ಬೆಳಗ್ಗೆ ಸುಮ್ಮನೆ ನಡೆಯಿರಿ. ಬೇಟೆಗಾರರಿದ್ದಾರೆ, ಒಂಟೆಗಳಿವೆ, ಕುದುರೆ ಹಿಡಿದು ನಿಂತ ಪರದೇಶಿಗಳಿದ್ದಾರೆ, ಕೋಲಾಟದ ಹೆಂಗಸರಿದ್ದಾರೆ, ಜಟ್ಟಿಗಳಿದ್ದಾರೆ. ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಆನೆ, ಕುದುರೆ, ಕಾಲಾಳು, ಕುಣಿಯುವವರು ಸಾಲು ಸಾಲಾಗಿ ಸಾಗುತ್ತಾರೆ. ರಾಜ ಇದ್ದಾನೆ, ಕೂತು ನೋಡುತ್ತಿದ್ದಾನೆ. ಗೋಡೆಯ ತುಂಬ ಇರುವುದು ಅವನಲ್ಲ, ಅವನ ಮುಂದೆ ಹಾಯ್ದುಹೋಗುವ ಜನ. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ 1930ರ ಜಂಬೂ ಸವಾರಿಯನ್ನು ಫೋಟೋ ನೋಡಿಕೊಂಡು 26 ಚಿತ್ರಗಳಲ್ಲಿ ಬರೆದ ಕಲಾವಿದರೂ ಬೀದಿಯಲ್ಲಿ ನಿಂತ ಮಂದಿಯನ್ನು ಬಿಡಲಿಲ್ಲ.

ರಿವೇರಾ ಮೆಕ್ಸಿಕೋದ ಶಿಕ್ಷಣ ಇಲಾಖೆಯ ಕಟ್ಟಡದಲ್ಲಿ 1923ರಿಂದ 1928ರವರೆಗೆ ಮಾಡಿದ್ದೂ ಇದನ್ನೇ. ಗಣಿಗೆ ಇಳಿಯುವವರು, ಬಟ್ಟೆ ನೇಯುವವರು, ಕಬ್ಬು ಅರೆಯುವವರು ಸರ್ಕಾರಿ ಕಟ್ಟಡದ ಗೋಡೆ ಏರಿದರು. ಅಲ್ಲಿನ ಒಂದು ಚಿತ್ರದಲ್ಲಿ ಊಟದ ಮೇಜಿನ ತಲೆಗೆ ಕೂತು ರೊಟ್ಟಿ ಮುರಿಯುವವನ ಮುಖ ನಮ್ಮ ವರ್ಧಾದ ಪಾಂಡುರಂಗ ಖಾನ್‌ಖೋಜೆಯವರದು ಎಂದು ಗುರುತಿಸುತ್ತಾರೆ. ಬ್ರಿಟಿಷರ ವಿರುದ್ಧ ಗದ್ದರ್ ಪಕ್ಷದಲ್ಲಿದ್ದು, ದೇಶ ಬಿಟ್ಟು, ಮೆಕ್ಸಿಕೋದ ಚಾಪಿಂಗೊ ಕೃಷಿ ಶಾಲೆಯಲ್ಲಿ ಪಾಠ ಹೇಳಿದವರು ಅವರು. ಪರದೇಶಿಯನ್ನೂ ಪಂಕ್ತಿಯಲ್ಲಿ ಕೂರಿಸಿದ ಗೋಡೆ ಅದು. ಪೇಯಿಸ್ ಕಂಡ ಗೋಡೆಗೂ ಅದಕ್ಕೂ ನಾಲ್ಕು ನೂರು ವರ್ಷಗಳ ಅಂತರವಿದೆ, ಮನಸ್ಸು ಒಂದೇ. ಹಾಗಾಗಿ ಜನಸಾಮಾನ್ಯರನ್ನು ಬರೆಯುವುದನ್ನು ಮೆಕ್ಸಿಕೋದಿಂದ ಕಲಿಯಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಸಪೇಟೆಯಿಂದ ಹಂಪಿ ಪಕ್ಕದ ಕಮಲಾಪುರದ ಬಸ್ಸು ಹತ್ತಿದರೆ ಸಾಕು.

4. ನದಿಯ ಎರಡೂ ದಡ ಬರೆಯಿರಿ

ವಿಜಯನಗರ ಎಂದ ಕೂಡಲೇ ಒಂದೇ ನಾಡು, ಒಂದೇ ಬಾವುಟ ಎಂದು ಬರೆಯುವ ರೂಢಿ ಇದೆ. ಈಗಿನ ಅಜ್ಜಂದಿರು ಹುಟ್ಟಿದಾಗ ಇಲ್ಲಿ ಹಾಗಿರಲಿಲ್ಲ. ಹಂಪಿ, ಹೊಸಪೇಟೆ, ಕಂಪ್ಲಿ ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹರಿಗೋಲು ಹತ್ತಿ ಆಚೆ ದಡಕ್ಕೆ ಹೋದರೆ ಆನೆಗೊಂದಿ, ಅದು ನಿಜಾಮರ ಸೀಮೆ. ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನ, 1949ರಲ್ಲಿ ಮದ್ರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾಗಿ ಬಳ್ಳಾರಿಯ ಉಳಿದ ತಾಲೂಕುಗಳು ಮೈಸೂರಿಗೆ ಬಂದವು. ಹಂಪಿಯೂ ಆನೆಗೊಂದಿಯೂ ಒಂದು ಸರ್ಕಾರದ ಕೆಳಗೆ ಬಂದದ್ದು 1956ರ ನವೆಂಬರ್ 1ರಂದೇ. ಹಳೆಯ ರಾಜಧಾನಿಯ ನಡುವೆಯೇ ಗಡಿ ಹರಿಯುತ್ತಿತ್ತು.

ಆಲೂರು ವೆಂಕಟರಾಯರು ಈ ಹಾಳು ಹಂಪೆಯನ್ನು ಕಂಡು ಮನಸ್ಸು ಕಲಕಿ, 1917ರಲ್ಲಿ ‘ಕರ್ನಾಟಕ ಗತವೈಭವ’ ತಂದರು. ಏಕೀಕರಣದ ಬಿಸಿಯಲ್ಲಿ ಅಂದಾನಪ್ಪ ದೊಡ್ಡಮೇಟಿಯವರು ಗದಗಿನ ಕಲಾವಿದ ಸಿ.ಎನ್. ಪಾಟೀಲರಿಂದ ತಾಯಿ ಭುವನೇಶ್ವರಿಯ ಚಿತ್ರ ಬರೆಸಿದರು. ವಿರೂಪಾಕ್ಷ ಗುಡಿಯೊಳಗೆ ಭುವನೇಶ್ವರಿಯ ಗುಡಿ ಮೊದಲಿನಿಂದಲೂ ಇತ್ತು. ದೇವಿಯನ್ನು ನಾಡತಾಯಿ ಮಾಡಿದ್ದು ಹೋರಾಟ ಮತ್ತು ಕುಂಚ. ನನ್ನಂಥವನಿಗೆ ಇದು ಹೆಮ್ಮೆಯ ಸಂಗತಿ: ನಾಡು ಕಾಗದದ ಮೇಲೆ ಒಂದಾಗುವ ಮೊದಲೇ ಒಬ್ಬ ಚಿತ್ರಗಾರ ಅದಕ್ಕೆ ಮುಖ ಕೊಟ್ಟಿದ್ದ.

ಗಡಿಗಳ ಕತೆ ಮುಗಿದಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ ಅದರ ಜಿಲ್ಲಾ ಕೇಂದ್ರವಾಯಿತು, ಕಂಪ್ಲಿ ಮತ್ತು ಸಂಡೂರು ಬಳ್ಳಾರಿಯಲ್ಲೇ ಉಳಿದವು. ಈಗ ಕಂಪ್ಲಿಯ ಶಾಲೆಯಲ್ಲಿ ಜಿಲ್ಲೆಯ ನಕಾಶೆ ಬರೆಯುವಾಗ ಹಂಪಿ ಅದರೊಳಗೆ ಬರುವುದಿಲ್ಲ. ಮಕ್ಕಳು ಕೇಳುತ್ತಾರೆ. ನಾನು ನಕಾಶೆಯ ಗೆರೆಗಿಂತ ನದಿಯನ್ನು ದಪ್ಪಗೆ ಬರೆಯುತ್ತೇನೆ.

ನದಿ ಬರೆದರೆ ಅಣೆಕಟ್ಟು ಬರಲೇಬೇಕು. ಅಣೆಕಟ್ಟು ಬಂದರೆ ಮುಳುಗಿದ ಊರೂ ಬರಬೇಕು. ತುಂಗಭದ್ರೆಯ ಹಿನ್ನೀರಿನಲ್ಲಿ ನಾರಾಯಣದೇವರಕೆರೆ ಮುಳುಗಿ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ನಾಟಕದ ಕಲಾವಿದೆಯರಿಗೆ ಹೆಸರಾದ ಊರು ಅದು. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ದೇಶವೆಲ್ಲ ಆ ಊರಿನ ಹೆಸರು ಕೇಳಿತು. ರಾಯನ ಪಕ್ಕ ಇನ್ನೊಂದು ಮುಖ ಬೇಕೆಂದರೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಹರಿವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ ಕೆಲಸಗಾರರನ್ನೂ ಯಾರಾದರೂ ಬರೆಯಬೇಕು. ಕ್ರೇನು, ಹಗ್ಗ, ನೀರು, ಹಳದಿ ಹೆಲ್ಮೆಟ್ಟು: ಗೋಡೆಗೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದಿಲ್ಲ.

5. ಕತ್ತೆತ್ತಿ ನೋಡಿ

ವಿರೂಪಾಕ್ಷ ಗುಡಿಯ ರಂಗಮಂಟಪವನ್ನು ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸತರಲ್ಲಿ ಕಟ್ಟಿಸಿದ. ಅದರ ಮಾಳಿಗೆಯ ಚಿತ್ರಗಳಲ್ಲಿ ಗಿರಿಜಾ ಕಲ್ಯಾಣವಿದೆ, ದಶಾವತಾರವಿದೆ, ಅರ್ಜುನ ಮೀನಿಗೆ ಗುರಿಯಿಟ್ಟಿದ್ದಾನೆ, ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಪರಿವಾರದ ಜೊತೆ ಹೊರಟಿದ್ದಾರೆ. ಬಣ್ಣ ನಾಲ್ಕೈದಕ್ಕಿಂತ ಹೆಚ್ಚಿಲ್ಲ. ಕೆಲಸ ಮಾಡುವುದು ಗೆರೆ. ಮುಖ ಪಕ್ಕಕ್ಕೆ, ಕಣ್ಣು ದೊಡ್ಡದು, ಕಾಲು ಮುಂದಕ್ಕೆ, ಇಡೀ ಸಾಲು ನಡೆಯುತ್ತಿದೆ ಅನಿಸುತ್ತದೆ. ನೆರಳು ಬೆಳಕಿನ ಚಮತ್ಕಾರ ಕಲಿತು ಬಂದ ಹುಡುಗರು ಇಲ್ಲಿ ಒಂದು ದಿನ ಗೆರೆ ನಕಲು ಮಾಡಿದರೆ ಕಾಲೇಜಿನ ಒಂದು ವರ್ಷ ಉಳಿಯುತ್ತದೆ.

ಈ ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ವಿಜಯನಗರ ಕಾಲದವೆಂದು ಕೆಲವರು, ಹತ್ತೊಂಬತ್ತನೇ ಶತಮಾನದವೆಂದು ಅನ್ನಾ ದಲ್ಲಾಪಿಕ್ಕೊಲಾ ಅವರಂಥವರು. 1837ರ ಹೊತ್ತಿಗೆ ಬಳ್ಳಾರಿಯ ಕಲೆಕ್ಟರ್ ರಾಬರ್ಟ್‌ಸನ್ ಈ ಗುಡಿಯ ಗೋಪುರಗಳನ್ನು ದುರಸ್ತಿ ಮಾಡಿಸಿದ್ದು ನಿಜ. ನನ್ನ ಮನಸ್ಸು ಎರಡನೇ ಕಡೆಗೆ ವಾಲುತ್ತದೆ, ಕಸುಬಿನವನ ಕಾರಣಕ್ಕೆ: ಅಷ್ಟು ಜನ ಓಡಾಡುವ, ದೀಪದ ಹೊಗೆ ಏರುವ ಮಂಟಪದಲ್ಲಿ ಬಣ್ಣ ಐನೂರು ವರ್ಷ ಹೀಗೆ ನಿಲ್ಲುವುದು ಕಷ್ಟ. ಹಾಗಿದ್ದರೆ ಸಾಮ್ರಾಜ್ಯ ಬಿದ್ದು ಎಷ್ಟೋ ಕಾಲದ ಮೇಲೆ, ಕಂಪನಿ ಸರ್ಕಾರದ ದಿನಗಳಲ್ಲಿ, ಯಾರೋ ಚಿತ್ರಗಾರರು ವಿದ್ಯಾರಣ್ಯರ ಪಲ್ಲಕ್ಕಿಯನ್ನು ಮತ್ತೆ ಹೊರಡಿಸಿದರು. ಹಳೆಯದನ್ನು ಬರೆಯುವ ಗೋಡೆ ಯಾವಾಗಲೂ ತನ್ನ ಕಾಲದ ಆಸೆಯನ್ನೇ ಬರೆಯುತ್ತದೆ. ರಿವೇರಾ ಮೆಕ್ಸಿಕೋದ ರಾಷ್ಟ್ರಭವನದ ಮೆಟ್ಟಿಲ ಗೋಡೆಯಲ್ಲಿ ಸ್ಪೇನಿನವರು ಬರುವ ಮುಂಚಿನ ಲೋಕವನ್ನು ಚಂದಗಾಣಿಸಿದ್ದೂ ಹಾಗೆಯೇ. ಒರೋಸ್ಕೊಗೆ ಅಂಥ ಚಂದ ಹಿಡಿಸುತ್ತಿರಲಿಲ್ಲ. ಅವನು ಕ್ರಾಂತಿಯನ್ನೂ ಚಂದಗಾಣಿಸದೆ ಬರೆದ. ನಮ್ಮ ಗೋಡೆಗಳಿಗೆ ಈಗ ರಿವೇರಾಗಳು ಸಾಕಷ್ಟಿದ್ದಾರೆ, ಒಬ್ಬ ಒರೋಸ್ಕೊ ಬೇಕು.

6. ಸವಳು, ಬಿಸಿಲು, ಹುಣಸೆ ಬೀಜ

ಕೈಗೆ ಸಂಬಂಧಿಸಿದ ಮಾತು. ಹೊಸ ಸಿಮೆಂಟ್ ಗಾರೆಗೆ ಒಂದು ತಿಂಗಳಾದರೂ ಒಣಗಲು ಬಿಡಿ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತದೆ. ಬೋರಿನ ಸವಳು ನೀರಿನಲ್ಲಿ ಕಲಸಿದ ಗಾರೆ ಆರು ತಿಂಗಳಲ್ಲಿ ಉಪ್ಪು ಕಾರುತ್ತದೆ, ಬಣ್ಣ ಹಪ್ಪಳದಂತೆ ಏಳುತ್ತದೆ. ಪಡುವಣ ಗೋಡೆಗೆ ನಮ್ಮ ಏಪ್ರಿಲ್, ಮೇ ಬಿಸಿಲು ನೇರ ಬಡಿಯುತ್ತದೆ, ಅಲ್ಲಿ ಕಾವಿ, ಹಳದಿ ಮಣ್ಣು, ಕಪ್ಪು ಮುಂತಾದ ಮಣ್ಣಿನ ಬಣ್ಣಗಳೇ ನಿಲ್ಲುವುದು. ಅಗ್ಗದ ಗುಲಾಬಿ, ನೇರಳೆ ಮೊದಲು ಓಡಿಹೋಗುತ್ತವೆ. ನೆಲದಿಂದ ಮೂರಡಿ ಚಿತ್ರ ಬೇಡ. ಅದು ಮಕ್ಕಳ ಕಾಲಿಗೆ, ಮಳೆ ಎರಚಲಿಗೆ ಮೀಸಲು.

ಹಸಿ ಸುಣ್ಣದ ಮೇಲೆ ನೀರು ಬಣ್ಣ ಬರೆಯುವ ಫ್ರೆಸ್ಕೊ ಪದ್ಧತಿಯನ್ನು ಮೆಕ್ಸಿಕೋದವರು ಮತ್ತೆ ಹಿಡಿದರು. ರಿವೇರಾ ತನ್ನ ನಾಡಿನ ಹಳೆಯ ಪದ್ಧತಿ ಎಂದು ಪಾಪಾಸುಕಳ್ಳಿ ಜಾತಿಯ ಗಿಡದ ರಸ ಬೆರೆಸಿ ನೋಡಿದ. ಅದು ಕೊಳೆತು ಕಲೆ ಬಿದ್ದಾಗ ಕೈಬಿಟ್ಟ. ಸಿಕೈರೋಸ್ ಕಾರಿಗೆ ಹೊಡೆಯುವ ಬಣ್ಣವನ್ನೇ ಗೋಡೆಗೆ ತಂದ. ನಮಗೆ ಹತ್ತಿರದಲ್ಲೇ ಗೊಂಬೆಗಳ ಊರು ಕಿನ್ನಾಳವಿದೆ. ಅಲ್ಲಿನ ಚಿತ್ರಗಾರರ ಪೂರ್ವಿಕರೇ ವಿರೂಪಾಕ್ಷ ಗುಡಿಯ ಚಿತ್ರ ಬರೆದವರೆಂಬ ಮಾತು ಹಿಂದಿನಿಂದ ಬಂದಿದೆ. ಹುಣಸೆ ಬೀಜದ ಅಂಟು, ಸೆಣಬಿನ ಚಿಂದಿಯ ಪುಡಿ, ಕಲ್ಲಿನ ಪುಡಿ: ಅವರ ಗೊಂಬೆಯ ಮೈ ತಯಾರಾಗುವುದು ಇವುಗಳಿಂದ. ಒಳಗೋಡೆಗೆ ಹುಣಸೆ ಬೀಜದ ಅಂಟು ಇಂದಿಗೂ ಒಳ್ಳೆಯದು. ಹೊರಗೋಡೆಗೆ ಭಾವುಕತೆ ಬೇಡ, ಅಕ್ರಿಲಿಕ್ ಎಮಲ್ಷನ್ ತನ್ನಿ.

7. ಸಂಡೂರಿನಲ್ಲಿ ಕೆಂಪು ಬಳಸುವಾಗ

ಸಂಡೂರಿನ ರಸ್ತೆ ಬದಿಯ ಗೋಡೆ ನೀವು ಬರೆಯುವ ಮೊದಲೇ ಕೆಂಪಾಗಿರುತ್ತದೆ. ಅದಿರಿನ ಧೂಳು. ಅಲ್ಲಿ ಎಲ್ಲರೂ ಬರೆಸುವುದು ಹಸಿರು ಕಣಿವೆ, ಕುಮಾರಸ್ವಾಮಿ ಗುಡಿ, ನವಿಲು. 1934ರಲ್ಲಿ ಗಾಂಧೀಜಿ ಬಂದು ಮೆಚ್ಚಿದ ಊರು, ಬರೆಯಲಿ. ಆದರೆ ಲಾರಿ ಸಾಲು ಇಲ್ಲದ ಸಂಡೂರು ಸುಳ್ಳು ಸಂಡೂರು. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆ ವರ್ಷ ಕೆಲಸ ಕಳೆದುಕೊಂಡವರ ಮಕ್ಕಳೂ ಇದೇ ಶಾಲೆಗಳಲ್ಲಿ ಓದಿದರು. ಅದಿರು ಮನೆಗೆ ಅನ್ನ ತಂದದ್ದೂ ನಿಜ, ಹೊಲಕ್ಕೆ ಧೂಳು ತಂದದ್ದೂ ನಿಜ. ಗೋಡೆ ಎರಡನ್ನೂ ಹೊರಬಲ್ಲದು.

ಇನ್ನೊಂದು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಆ ಹೆಂಗಸರ ವಿನ್ಯಾಸವನ್ನು ಗೋಡೆಯ ಅಂಚಿಗೆ ಅಲಂಕಾರವೆಂದು ಎತ್ತಿಕೊಳ್ಳುವ ಬದಲು ಅವರನ್ನೇ ಕರೆದು ಅಂಚು ಬರೆಸಿ, ಕೂಲಿ ಕೊಡಿ.

8. ಕಂಪ್ಲಿಯ ವೀರ ಯಾರವನು

ಕಂಪ್ಲಿಯಲ್ಲಿ ಕುಮಾರರಾಮನನ್ನು ಬರೆಯದೆ ಬರಲಾಗದು. ಕಂಪಿಲರಾಯನ ಮಗ, ಕುಮ್ಮಟದುರ್ಗದ ವೀರ, ದಿಲ್ಲಿಯ ಸೈನ್ಯದೆದುರು 1327ರ ಹೊತ್ತಿಗೆ ಬಿದ್ದ ಮನೆತನ. ವಿಜಯನಗರಕ್ಕಿಂತ ಮುಂಚಿನ ಕತೆ ಇದು, ಜನರ ಬಾಯಲ್ಲಿ ರಾಯನಿಗಿಂತ ಹೆಚ್ಚು ಹಾಡಾಗಿ ಉಳಿದದ್ದೂ ಇದೇ. ಬರೆಯಲು ಹೋದರೆ ಒಂದಕ್ಕಿಂತ ಹೆಚ್ಚು ಸಮುದಾಯಗಳು ಅವನು ತಮ್ಮವನು ಎನ್ನುತ್ತವೆ. ಹಕ್ಕಬುಕ್ಕರ ವಿಷಯದಲ್ಲೂ ಹಾಗೆ. ನಾನು ತೀರ್ಪು ಕೊಡುವುದಿಲ್ಲ. ಜಾತಿಯ ಗುರುತು ತೋರುವ ಉಡುಗೆ, ಲಾಂಛನ ಬರೆಯುವುದಿಲ್ಲ. ಹಾಡುವವರನ್ನು ಬರೆಯುತ್ತೇನೆ: ಕೂತು ಕತೆ ಹೇಳುವ ಕಲಾವಿದ, ಸುತ್ತ ಊರ ಜನ, ಹಿಂದೆ ಮಬ್ಬಾಗಿ ವೀರ. ಆಗ ಅವನು ಎಲ್ಲರವನೂ ಆಗುತ್ತಾನೆ.

9. ಗೋಡೆಗೊಬ್ಬ ಯಜಮಾನ ಇರುತ್ತಾನೆ

ನ್ಯೂಯಾರ್ಕಿನ ರಾಕ್‌ಫೆಲ್ಲರ್ ಕಟ್ಟಡದಲ್ಲಿ ರಿವೇರಾ ಲೆನಿನ್ ಮುಖ ಬರೆದ, ತೆಗೆ ಎಂದರೆ ಒಪ್ಪಲಿಲ್ಲ. 1933ರಲ್ಲಿ ಕೆಲಸ ನಿಂತಿತು, ಮರುವರ್ಷ ಚಿತ್ರವನ್ನೇ ಒಡೆದು ಹಾಕಿದರು. ನಮ್ಮ ಗೋಡೆಗೆ ಅಷ್ಟು ನಾಟಕ ಬೇಕಿಲ್ಲ, ಹೊಸ ಅಧ್ಯಕ್ಷರು ಬಂದರೆ ಸಾಕು. ಆದ್ದರಿಂದ ಕರಡು ಚಿತ್ರ ಕಾಗದದಲ್ಲಿ ತೋರಿಸಿ ಸಹಿ ಹಾಕಿಸಿಕೊಳ್ಳಿ. ಮುಂಗಡ ಪಡೆಯಿರಿ. ಬರೆಸುವವರ ಭಾವಚಿತ್ರ ಬೇಡ ಎಂದು ಮೊದಲೇ ಹೇಳಿ. ಮೆಕ್ಸಿಕೋದ ಚಿತ್ರಕಾರರು 1922ರಲ್ಲೇ ಕೂಲಿಗಾರರ ಹಾಗೆ ಸಂಘ ಕಟ್ಟಿಕೊಂಡಿದ್ದರು. ನಾವು ಇನ್ನೂ ಒಬ್ಬರ ರೇಟನ್ನು ಇನ್ನೊಬ್ಬರು ಕಡಿಯುತ್ತ ಕೂತಿದ್ದೇವೆ.

10. ಹಂಪಿಯೊಳಗೆ ಕುಂಚ ಬೇಡ

ಸಂರಕ್ಷಿತ ಸ್ಮಾರಕದಿಂದ ನೂರು ಮೀಟರು ನಿಷೇಧಿತ ಪ್ರದೇಶ. ಅದರಾಚೆ ಇನ್ನೂರು ಮೀಟರು ನಿಯಂತ್ರಿತ. ಬಂಡೆಗಲ್ಲಿನ ಮೇಲೆ ಹೆಸರು, ಬಾಣದ ಗುರುತು, ಯಾವುದೂ ಬೇಡ. ಆನೆಗೊಂದಿ ಕಡೆ ಒನಕೆ ಕಿಂಡಿಯಲ್ಲಿ ಆದಿಮಾನವರು ಕೆಂಪಿನಲ್ಲಿ ಬರೆದ ಗೂಳಿಗಳಿವೆ. ಅವರಿಗಷ್ಟೇ ಆ ಹಕ್ಕು.

ಆದರೆ ಹಂಪಿಯ ಬಗ್ಗೆ ಬರೆಯಬೇಕಾದ ಒಂದು ಚಿತ್ರ ಬಾಕಿ ಇದೆ. ವಿರೂಪಾಕ್ಷನ ಮುಂದಿನ ಬಜಾರಿನ ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಜನರನ್ನು 2011ರಲ್ಲಿ ಎಬ್ಬಿಸಿದರು. ಸ್ಮಾರಕ ಉಳಿಯಬೇಕೆಂಬುದನ್ನು ನಾನು ಒಪ್ಪುತ್ತೇನೆ. ಬಜಾರು ಎಂಬ ಹೆಸರಿನ ಬೀದಿಯಲ್ಲಿ ಈಗ ಬಜಾರಿಲ್ಲ ಎಂಬುದನ್ನೂ ನೋಡುತ್ತೇನೆ. ಪೇಯಿಸ್ ಆ ಬೀದಿಯಲ್ಲಿ ಕಂಡದ್ದು ಜನರನ್ನೇ.

ಕೊನೆಗೆ, ಈ ಸಲ ರಾಜ್ಯೋತ್ಸವಕ್ಕೆ ಗೋಡೆ ಬರೆಸುವ ಮೇಷ್ಟ್ರುಗಳಲ್ಲಿ, ಪಂಚಾಯಿತಿಯವರಲ್ಲಿ ಒಂದು ಕೋರಿಕೆ. ಸೆಪ್ಟೆಂಬರಿನಲ್ಲೇ ಗಾರೆ ಮುಗಿಸಿ. ಮಳೆ ನಿಂತ ಮೇಲೆ ನಮ್ಮನ್ನು ಕರೆಯಿರಿ. ತೇರಿಗೆ ಗೋಡೆಯ ಕಾಲು ಭಾಗ ಸಾಕು. ಉಳಿದ ಮುಕ್ಕಾಲು ಭಾಗದಲ್ಲಿ ನಿಮ್ಮೂರಿನಲ್ಲಿ ಯಾರನ್ನು ಬರೆಯಬೇಕು ಎಂದು ಮಕ್ಕಳಿಂದ ಒಂದು ಪಟ್ಟಿ ಮಾಡಿಸಿ ಇಟ್ಟಿರಿ.